ಸ್ಟಾರಾಯಾ ಲಡೋಗಾ: ರಾಜಧಾನಿ ಎನ್ನಿಸಿಕೊಂಡ ಊರು ಹಳ್ಳಿಯಾಗಿ ಉಳಿದದ್ದು ಏಕೆ?

ಮೊದಲ ಬೆಂಚು:

ಗೆಳೆಯರೇ, ಉತ್ತರ ರಷ್ಯಾದ ಸ್ಟಾರಾಯಾ ಲಡೋಗಾ ಎಂಬ ಹಳ್ಳಿಯ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ. ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರ, ವೊಲ್ಖೊವ್ ನದಿಯ ಎಡದಂಡೆ, ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಇಷ್ಟು ಚಿಕ್ಕ ಊರನ್ನು ‘ಉತ್ತರ ರುಸ್‌ನ (ಅಂದರೆ ಹಳೆಯ ರಷ್ಯಾ ನಾಡಿನ) ಮೊದಲ ರಾಜಧಾನಿ’ ಎಂದು ಕರೆಯುತ್ತಾರೆ. 2003ರಲ್ಲಿ ಅದರ 1250ನೇ ವರ್ಷವನ್ನು ಅದ್ಧೂರಿಯಾಗಿ ಆಚರಿಸಿದರು. ಮಾಸ್ಕೋದ ಹೆಸರು ಮೊದಲು ದಾಖಲಾಗುವುದು 1147ರಲ್ಲಿ. ಅದಕ್ಕೂ ನಾಲ್ಕು ಶತಮಾನ ಹಿಂದೆಯೇ ಇಲ್ಲಿ ಊರಿತ್ತು ಎಂದಾಯಿತು. ಹಾಗಾದರೆ ಅದು ನಗರವಾಗಿ ಏಕೆ ಬೆಳೆಯಲಿಲ್ಲ? ರಾಜಧಾನಿ ಎಂಬ ಮಾತಿಗೆ ಆಧಾರವೇನು?

ನದಿಯ ಜಾಡು:

ಒಳ್ಳೆಯ ಪ್ರಶ್ನೆ. ಉತ್ತರ ಬೇಕಾದರೆ ರಾಜರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಕಾಶೆಯನ್ನು ಬಿಡಿಸಿಕೊಳ್ಳಿ.

ಬಾಲ್ಟಿಕ್ ಸಮುದ್ರದ ಪೂರ್ವದ ತುದಿ ಫಿನ್ಲೆಂಡ್ ಕೊಲ್ಲಿ. ಅಲ್ಲಿಗೆ ಬಂದು ಬೀಳುವ ನೇವಾ ನದಿ ಬರೀ 74 ಕಿಲೋಮೀಟರ್ ಉದ್ದ, ಆದರೆ ತುಂಬು ನೀರಿನದು. ಅದನ್ನು ಹಿಡಿದು ಮೇಲೆ ಹೋದರೆ ಯುರೋಪಿನ ಅತಿದೊಡ್ಡ ಸರೋವರವಾದ ಲಡೋಗಾ ಸಿಗುತ್ತದೆ. ಸರೋವರದ ದಕ್ಷಿಣ ದಡದಲ್ಲಿ ವೊಲ್ಖೊವ್ ನದಿಯ ಬಾಯಿ. ಇಲ್ಮೆನ್ ಎಂಬ ಇನ್ನೊಂದು ಸರೋವರದಿಂದ ಹೊರಟು, ಉತ್ತರಕ್ಕೆ 224 ಕಿಲೋಮೀಟರ್ ಹರಿದು, ವೊಲ್ಖೊವ್ ಇಲ್ಲಿ ಲಡೋಗಾವನ್ನು ಸೇರುತ್ತದೆ. ಸ್ವೀಡನ್ನಿನಿಂದ ಹೊರಟ ಹಾಯಿದೋಣಿಯೊಂದು ಸರಕು ಇಳಿಸದೆ ಇಷ್ಟೂ ದಾರಿಯನ್ನು ಕ್ರಮಿಸಿ, ನದಿಯೊಳಗೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಮೇಲೇರಬಹುದಿತ್ತು. ಅಲ್ಲಿಂದ ಮುಂದೆ ತೊಡಕು. ನದಿ ಸುಣ್ಣಕಲ್ಲಿನ ದಿಬ್ಬವೊಂದನ್ನು ಸೀಳಿಕೊಂಡು ಬರುವ ಜಾಗದಲ್ಲಿ ನೀರು ಬಂಡೆಗಳ ಮೇಲೆ ರಭಸದಿಂದ ಧುಮುಕುತ್ತಿತ್ತು. ಸಮುದ್ರಕ್ಕೆಂದು ಕಟ್ಟಿದ ಹಡಗು ಅದನ್ನು ಹತ್ತಲಾರದು. ಸರಕನ್ನು ಇಳಿಸಬೇಕು, ಚಪ್ಪಟೆ ತಳದ ನದಿದೋಣಿಗೆ ತುಂಬಬೇಕು, ಆ ಸೆಳವನ್ನು ಬಲ್ಲ ಸ್ಥಳೀಯರನ್ನು ಕೂಲಿಗೆ ಹಿಡಿಯಬೇಕು. ಒಡೆದ ಹಲಗೆ ಬದಲಿಸಲು ಬಡಗಿ ಬೇಕು, ಮೊಳೆ ಬಡಿಯಲು ಕಮ್ಮಾರ ಬೇಕು, ಮಳೆಗಾಲದ ಪ್ರವಾಹವೋ ಚಳಿಗಾಲದ ಹಿಮವೋ ಬಂದರೆ ತಿಂಗಳುಗಟ್ಟಲೆ ತಂಗಲು ಮನೆ ಬೇಕು.

ಲಡೋಗಾ ಊರು ಹುಟ್ಟಿದ್ದು ಈ ದೋಣಿ ಬದಲಿಸುವ ಜಾಗದಲ್ಲಿ. ಲಡೋಜ್ಕಾ ಎಂಬ ಪುಟ್ಟ ಹೊಳೆ ವೊಲ್ಖೊವ್‌ಗೆ ಸೇರುವಲ್ಲಿ ಚೂಪಾದ ಮೂಲೆಯೊಂದು ಏರ್ಪಟ್ಟಿದೆ. ಎರಡು ಕಡೆ ನೀರು, ದಡ ಎತ್ತರ, ಹೊಳೆಯ ಬಾಯಿಯಲ್ಲಿ ದೋಣಿಗಳಿಗೆ ಆಸರೆ. ಕೋಟೆ ಕಟ್ಟುವವನು ಬೇರೆ ಜಾಗ ಹುಡುಕುವ ಅಗತ್ಯವೇ ಇಲ್ಲ. ಮುಂದಿನ ದಾರಿಗಳು ಎರಡು. ಒಂದು, ಇಲ್ಮೆನ್ ದಾಟಿ ಲೊವಾತ್ ನದಿ ಹಿಡಿದು, ದೋಣಿಗಳನ್ನು ನೆಲದ ಮೇಲೆ ಎಳೆದು ದ್ನೀಪರ್‌ಗೆ ಇಳಿಸಿ, ಕೀವ್ ಮೂಲಕ ಕಪ್ಪು ಸಮುದ್ರ ಮತ್ತು ಕಾನ್‌ಸ್ಟಾಂಟಿನೋಪಲ್. ಇನ್ನೊಂದು, ಪೂರ್ವಕ್ಕೆ ತಿರುಗಿ ವೋಲ್ಗಾ, ಅಲ್ಲಿಂದ ಕ್ಯಾಸ್ಪಿಯನ್, ಅದರಾಚೆ ಬಾಗ್ದಾದ್. ಎರಡಕ್ಕೂ ಬಾಗಿಲು ಇದೇ ಊರು.

ಹಳೆಯ ನಾಣ್ಯ:

ನದಿಯ ಜಾಡು ಅವರು ಹೇಳಿದ ಎರಡನೆಯ ದಾರಿಯೇ ಊರಿನ ಮೊದಲ ನೂರು ವರ್ಷಗಳ ಜೀವಾಳ. ಗ್ರೀಕರ ಕಡೆಗಿನ ದಾರಿ ಹೆಚ್ಚು ಪ್ರಸಿದ್ಧ, ಆದರೆ ಅದು ಚುರುಕಾದದ್ದು ಆಮೇಲೆ. ಮೊದಲು ಬಂದದ್ದು ಅರಬ್ಬರ ಬೆಳ್ಳಿ.

ಲಡೋಗಾದಲ್ಲಿ ಸಿಕ್ಕ ದಿರ್ಹಮ್ ಎಂಬ ಬೆಳ್ಳಿ ನಾಣ್ಯಗಳ ಒಂದು ನಿಧಿಯಲ್ಲಿ ಕೊನೆಯ ನಾಣ್ಯ ಕ್ರಿ.ಶ. 786ರದು. ಪೂರ್ವ ಯುರೋಪಿನ ಅತಿ ಹಳೆಯ ದಿರ್ಹಮ್ ನಿಧಿಗಳಲ್ಲಿ ಇದೂ ಒಂದು. ಅಬ್ಬಾಸಿದ್ ಖಲೀಫರು ಬಾಗ್ದಾದ್ ನಗರ ಕಟ್ಟಿಸಿ ಆಗಿನ್ನೂ ಮೂವತ್ತು ವರ್ಷವೂ ಆಗಿರಲಿಲ್ಲ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಬೆಳ್ಳಿಗೆ ಬದಲಾಗಿ ಉತ್ತರದಿಂದ ಹೋಗುತ್ತಿದ್ದದ್ದು ಅಳಿಲು, ಬೀವರ್, ಮಾರ್ಟೆನ್‌ಗಳ ತುಪ್ಪಳದ ಚರ್ಮ, ಮೇಣ, ಕತ್ತಿ, ಮತ್ತು ಗುಲಾಮರು. ಕೊನೆಯದನ್ನು ಮರೆಮಾಚುವುದು ತರವಲ್ಲ. ಆ ಬೆಳ್ಳಿಯ ಒಂದು ಪಾಲು ಸರಪಳಿ ಹಾಕಿಸಿಕೊಂಡ ಮನುಷ್ಯರ ಬೆಲೆ.

ತುಪ್ಪಳ ತರುತ್ತಿದ್ದ ಕಾಡಿನ ಬೇಟೆಗಾರರಿಗೆ ಏನು ಕೊಡುತ್ತಿದ್ದರು? ಗಾಜಿನ ಮಣಿ. ಲಡೋಗಾದ ಅತಿ ಹಳೆಯ ಪದರಗಳಲ್ಲಿ ಮಣಿಗಳು ಸಾವಿರಾರು ಸಂಖ್ಯೆಯಲ್ಲಿ ಸಿಗುತ್ತವೆ. ಕೆಲವು ಪೂರ್ವದಿಂದ ಬಂದವು, ಕೆಲವನ್ನು ಊರಿನಲ್ಲೇ ಮಾಡುತ್ತಿದ್ದರು. 922ರಲ್ಲಿ ವೋಲ್ಗಾ ದಡದಲ್ಲಿ ರುಸ್ ವರ್ತಕರನ್ನು ಕಂಡ ಅರಬ್ ದೂತ ಇಬ್ನ್ ಫದ್ಲಾನ್, ಅವರು ಹಸಿರು ಮಣಿಯೊಂದಕ್ಕೆ ಒಂದು ದಿರ್ಹಮ್ ಕೊಡುತ್ತಾರೆ ಎಂದು ಬರೆದಿದ್ದಾನೆ.

ಇದಕ್ಕೆ ಸಂಬಂಧಿಸಿದ ಒಂದು ಸಂಗತಿ ನನಗೆ ಬಹಳ ಪ್ರಿಯ. ಹಳೆಯ ರಷ್ಯನ್ ವೃತ್ತಾಂತದಲ್ಲಿ 1114ನೇ ವರ್ಷದ ಕೆಳಗೆ ಬರೆದವನು ಸ್ವತಃ ಲಡೋಗಾಕ್ಕೆ ಹೋದ ವಿಷಯ ಹೇಳುತ್ತಾನೆ. ದೊಡ್ಡ ಮೋಡ ಕವಿದು ಮಳೆ ಸುರಿದ ಮೇಲೆ ನಮ್ಮ ಮಕ್ಕಳಿಗೆ ತೂತು ಇರುವ ಗಾಜಿನ ಕಣ್ಣುಗಳು ಸಿಗುತ್ತವೆ, ವೊಲ್ಖೊವ್ ದಂಡೆಯಲ್ಲೂ ನೀರು ಕೊಚ್ಚಿ ತಂದದ್ದನ್ನು ಆರಿಸಿಕೊಳ್ಳುತ್ತೇವೆ ಎಂದು ಊರಿನವರು ಅವನಿಗೆ ಹೇಳಿದರಂತೆ. ಅವನೂ ನೂರಕ್ಕಿಂತ ಹೆಚ್ಚು ಮಣಿಗಳನ್ನು ಪಡೆದುಕೊಂಡ. ಅಂದರೆ 12ನೇ ಶತಮಾನದ ಹೊತ್ತಿಗೆ ಮಣಿಯ ವ್ಯಾಪಾರ ಅಲ್ಲಿಯ ಜನರ ನೆನಪಿನಿಂದಲೇ ಅಳಿಸಿಹೋಗಿತ್ತು. ತಮ್ಮ ಪೂರ್ವಿಕರ ಹಣವನ್ನು ಆಕಾಶದಿಂದ ಬಿದ್ದದ್ದೆಂದು ತಿಳಿದಿದ್ದರು.

ಇತಿಹಾಸ ಮೇಷ್ಟ್ರು:

‘ಮೊದಲ ರಾಜಧಾನಿ’ ಎಂಬ ಬಿರುದಿನ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಅದರ ಮೂಲ ಒಂದೇ ಕಥೆ. 862ರಲ್ಲಿ ಸ್ಲಾವ್ ಮತ್ತು ಫಿನ್ನಿಕ್ ಬುಡಕಟ್ಟುಗಳು ತಮ್ಮೊಳಗೆ ಕಚ್ಚಾಡಿ ಬೇಸತ್ತು, ಕಡಲಾಚೆಯ ವರಾಂಗಿಯನ್ನರನ್ನು, ಅಂದರೆ ಸ್ಕ್ಯಾಂಡಿನೇವಿಯಾದ ಯೋಧರನ್ನು, ಆಳಲು ಕರೆದವು. ರೂರಿಕ್ ತನ್ನ ಇಬ್ಬರು ತಮ್ಮಂದಿರೊಂದಿಗೆ ಬಂದ. ಈ ಕಥೆ ಹಲವು ಹಸ್ತಪ್ರತಿಗಳಲ್ಲಿ ಹಲವು ರೂಪದಲ್ಲಿ ಉಳಿದಿದೆ. ಇಪಾತಿಯೆವ್ ಪ್ರತಿಯಲ್ಲಿ ರೂರಿಕ್ ಮೊದಲು ನೆಲೆಸಿದ್ದು ಲಡೋಗಾದಲ್ಲಿ, ತಮ್ಮಂದಿರು ತೀರಿಕೊಂಡ ಮೇಲೆ ಇಲ್ಮೆನ್ ಕಡೆಗೆ ಹೋದ. ವೊಲ್ಖೊವ್ ಮೇಲೆಯೇ ಇಲ್ಮೆನ್ ಬಳಿ ಇರುವ ನೊವ್ಗೊರೊದ್ ನಗರದ ವೃತ್ತಾಂತದಲ್ಲಿ ಅವನು ನೇರವಾಗಿ ನೊವ್ಗೊರೊದ್‌ನಲ್ಲೇ ಕುಳಿತ. ಆಯಾ ಊರಿನವರು ತಮ್ಮ ಊರಿಗೆ ಹಿರಿತನ ಕೊಟ್ಟುಕೊಂಡಿರಬಹುದು. ಇವೆಲ್ಲ ಬರವಣಿಗೆಗೆ ಬಂದದ್ದು ಘಟನೆ ನಡೆಯಿತೆನ್ನುವ ಕಾಲಕ್ಕಿಂತ ಎರಡು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ.

ಲಡೋಗಾದ ಪರವಾಗಿ ನಿಲ್ಲುವುದು ನೆಲ. ಇಂದಿನ ನೊವ್ಗೊರೊದ್ ನಗರದ ಅತಿ ಹಳೆಯ ಪದರಗಳು 10ನೇ ಶತಮಾನದವು. ಹೊಸ ಕೋಟೆ ಎಂಬ ಹೆಸರಿನ ಆ ನಗರಕ್ಕೆ ತುಸು ಮೇಲೆ ಇರುವ ಗೊರೊದಿಶ್ಚೆ ಎಂಬ ನೆಲೆ 9ನೇ ಶತಮಾನಕ್ಕೆ ಹೋಗುತ್ತದೆ. ಲಡೋಗಾದ ಅತಿ ಹಳೆಯ ಕಟ್ಟಡದ ಮರ 753ರದು. ಹಾಗಾಗಿ ರೂರಿಕ್ ಎಂಬವನು ಬಂದದ್ದು ನಿಜವಾದರೆ, ಅವನು ಬಂದಾಗ ಕಣ್ಣಿಗೆ ಬೀಳುವಂಥ ಪೇಟೆ ವೊಲ್ಖೊವ್ ದಂಡೆಯಲ್ಲಿ ಇದ್ದದ್ದು ಇಲ್ಲೇ ಎನ್ನಲು ಅಡ್ಡಿಯಿಲ್ಲ. ಆದರೆ ರಾಜಧಾನಿ ಎಂದರೆ ನಮ್ಮ ಮನಸ್ಸಿಗೆ ಬರುವ ಅರಮನೆ, ಖಜಾನೆ, ಕಂದಾಯದ ಲೆಕ್ಕ ಇವೊಂದೂ ಅಲ್ಲಿರಲಿಲ್ಲ. ಶಸ್ತ್ರಧಾರಿ ವರ್ತಕರ ಗುಂಪು, ಅದಕ್ಕೊಬ್ಬ ಮುಖಂಡ, ಸುತ್ತ ಕಪ್ಪ ಕೊಡುವ ಹಳ್ಳಿಗಳು. 2015ರಲ್ಲಿ ರೂರಿಕ್ ಮತ್ತು ಅವನ ನಂತರ ಆಳಿದ ಓಲೆಗ್‌ರ ದೊಡ್ಡ ಪ್ರತಿಮೆಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಅವು ಇಂದಿನವರ ಹೆಮ್ಮೆಯ ಗುರುತೇ ಹೊರತು ಇತಿಹಾಸಕ್ಕೆ ಸಾಕ್ಷಿಯಲ್ಲ.

ಮೊದಲ ಬೆಂಚು:

ಮೇಷ್ಟ್ರೇ, 753 ಎಂದು ಇಸವಿ ಸಮೇತ ಹೇಳುವುದು ಹೇಗೆ ಸಾಧ್ಯ? ಬರಹವಂತೂ ಇಲ್ಲ.

ಇತಿಹಾಸ ಮೇಷ್ಟ್ರು:

ಮರದ ಉಂಗುರಗಳಿಂದ. ಮಳೆ ಬಿಸಿಲು ಹಿತವಾಗಿದ್ದ ವರ್ಷ ಅಗಲವಾದ ಉಂಗುರ, ಕೆಟ್ಟ ವರ್ಷ ಸಪೂರವಾದದ್ದು. ಒಂದೇ ಸೀಮೆಯ ಮರಗಳಲ್ಲೆಲ್ಲ ಈ ಸಾಲು ಒಂದೇ ರೀತಿ ಬೀಳುತ್ತದೆ. ಈಗಿನ ಮರದಿಂದ ಶುರುಮಾಡಿ, ಹಳೆಯ ತೊಲೆ, ಅದಕ್ಕೂ ಹಳೆಯ ತೊಲೆ ಎಂದು ಸಾಲುಗಳನ್ನು ಒಂದಕ್ಕೊಂದು ಹೊಂದಿಸುತ್ತ ಹಿಂದೆ ಹೋದರೆ ಶತಮಾನಗಳ ಪಂಚಾಂಗ ಸಿದ್ಧವಾಗುತ್ತದೆ. ತೊಗಟೆಯ ಪಕ್ಕದ ಕೊನೆಯ ಉಂಗುರ ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ.

ಇದಕ್ಕೆ ಮರ ಕೊಳೆಯದೆ ಉಳಿದಿರಬೇಕು. ಅದು ಲಡೋಗಾದ ಭಾಗ್ಯ. ಕೋಟೆಯ ಪಕ್ಕದ ಮಣ್ಣಿನ ಕೋಟೆ ಎಂಬ ಜಾಗದಲ್ಲಿ ಮರದ ಚಕ್ಕೆ, ಗೊಬ್ಬರ, ಹುಲ್ಲು, ಬೂದಿ ಎಲ್ಲ ಸೇರಿ ಒದ್ದೆಯಾಗಿ ಒತ್ತಿಕೊಂಡು ಮೀಟರುಗಟ್ಟಲೆ ದಪ್ಪದ ಪದರಗಳಾಗಿವೆ. ಗಾಳಿ ಒಳಗೆ ನುಗ್ಗುವುದಿಲ್ಲ. ಹಾಗಾಗಿ ಮನೆಯ ಕೆಳಸಾಲಿನ ದಿಮ್ಮಿಗಳು, ಚರ್ಮದ ಪಾದರಕ್ಷೆ, ಮಕ್ಕಳ ಮರದ ಕತ್ತಿ ಇವೆಲ್ಲ ಹೊರಬಂದಿವೆ. ನಿಕೊಲಾಯ್ ಬ್ರಾಂದೆನ್‌ಬುರ್ಗ್ 1880ರ ದಶಕದಲ್ಲಿ ಅಗೆತ ನಡೆಸಿದರು, ರೆಪ್ನಿಕೊವ್ 1909ರಿಂದ, ರವ್ದೊನಿಕಾಸ್ 1938ರಿಂದ, ಅನಾತೋಲಿ ಕಿರ್ಪಿಚ್ನಿಕೊವ್ 1972ರಿಂದ ಹಲವು ದಶಕ. ಅತಿ ಕೆಳಗಿನ ಪದರದಲ್ಲಿ ಸಿಕ್ಕ ಕಮ್ಮಾರನೊಬ್ಬನ ಸಲಕರಣೆಗಳ ಕಟ್ಟು ನನ್ನನ್ನು ಹೆಚ್ಚು ಸೆಳೆದದ್ದು: ಇಕ್ಕಳ, ಸುತ್ತಿಗೆ, ಕೊರೆಯುವ ಉಳಿಗಳು, ಅವುಗಳ ಜೊತೆ ಕಂಚಿನ ಪುಟ್ಟ ಗಡ್ಡದ ಮುಖ. ಅದನ್ನು ಸ್ಕ್ಯಾಂಡಿನೇವಿಯಾದ ಓಡಿನ್ ದೇವತೆಯೆಂದು ಅನೇಕರು ಗುರುತಿಸುತ್ತಾರೆ. ರಾಜರಿಗಿಂತ ಮುಂಚೆ ಊರಿಗೆ ಬಂದು ಕುಲುಮೆ ಹಾಕಿದವನು ಈ ಕುಶಲಕರ್ಮಿ.

ನದಿಯ ಜಾಡು:

ಜೊತೆಗೆ ಒಂದು ಮಾತು. ಅವನು ಸ್ಕ್ಯಾಂಡಿನೇವಿಯನ್ ಎಂದ ಮಾತ್ರಕ್ಕೆ ಊರು ಅವರದೇ ಆಗಿರಲಿಲ್ಲ. ಎದುರು ದಡದ ಪ್ಲಾಕುನ್ ಎಂಬಲ್ಲಿ ದೋಣಿಯೊಳಗಿಟ್ಟು ದಹಿಸಿದ ಸ್ಕ್ಯಾಂಡಿನೇವಿಯನ್ನರ ಸಮಾಧಿಗಳಿವೆ. ಇತ್ತ ನದಿಯುದ್ದಕ್ಕೂ ಎತ್ತರದ ಮಣ್ಣಿನ ದಿಬ್ಬಗಳಂಥ ಸಮಾಧಿಗಳಿವೆ, ಅವನ್ನು ಸೋಪ್ಕಾ ಎನ್ನುತ್ತಾರೆ. ಅವುಗಳ ಸಂಪ್ರದಾಯ ಬೇರೆ. ಸ್ವಲ್ಪ ಕೆಳಗೆ ಎದುರು ದಂಡೆಯಲ್ಲಿ ಲ್ಯೂಬ್ಶಾ ಎಂಬ ಕಲ್ಲು ಮಣ್ಣಿನ ಹಳೆಯ ಕೋಟೆಯಿದೆ. ಫಿನ್ನಿಕ್ ಜನ, ಸ್ಲಾವರು, ಉತ್ತರದವರು ಒಂದೇ ದಡ ಹಂಚಿಕೊಂಡು ಬದುಕಿದ್ದರು. ಈ ಊರನ್ನು ಒಂದೇ ಜನಾಂಗದ ಆಸ್ತಿ ಮಾಡಲು ರಷ್ಯಾದಲ್ಲಿ ಇನ್ನೂರು ಮುನ್ನೂರು ವರ್ಷಗಳಿಂದ ಜಗಳ ನಡೆದಿದೆ. ನೆಲ ಮಾತ್ರ ಎಲ್ಲರನ್ನೂ ಬೆರೆಸಿಯೇ ತೋರಿಸುತ್ತದೆ.

ಉತ್ತರದ ಚಳಿ:

ನಾನು ಓದಿಗಾಗಿ ಪೀಟರ್ಸ್‌ಬರ್ಗ್‌ನಲ್ಲಿದ್ದೇನೆ. ವೊಲ್ಖೊವ್ ಪಟ್ಟಣದವರೆಗೆ ರೈಲು, ಅಲ್ಲಿಂದ ಬಸ್. ಬಸ್ ಇಳಿದ ಕೂಡಲೇ ಹಳ್ಳಿಯೇ ಕಾಣುತ್ತದೆ: ಮರದ ಮನೆಗಳು, ಆಲೂಗಡ್ಡೆ ಪಾತಿ, ಒಟ್ಟಿದ ಸೌದೆ, ನಡುನಡುವೆ ಸೋವಿಯತ್ ಕಾಲದ ಇಟ್ಟಿಗೆ ಕಟ್ಟಡ. ನಾಲ್ಕು ಹೆಜ್ಜೆ ಹಾಕಿದರೆ ಕೋಟೆಯ ಬುರುಜು ಎದುರಿಗೆ ಬರುತ್ತದೆ. ಈಗ ಕಾಣುವ ಕೋಟೆ 15ನೇ ಶತಮಾನದ ಕೊನೆಗೆ, ಫಿರಂಗಿ ಬಂದ ಮೇಲೆ, ಹೊಸದಾಗಿ ಕಟ್ಟಿದ್ದು. ಐದು ಬುರುಜುಗಳು, ಕೆಲವನ್ನು ಜೀರ್ಣೋದ್ಧಾರ ಮಾಡಿದ್ದಾರೆ, ಉಳಿದವು ಕುಸಿದಿವೆ. ಅದರೊಳಗೆ 1114ರ ಕಲ್ಲುಗೋಡೆಯ ಭಾಗಗಳೂ ಇವೆ. ಅಲ್ಲಿಯದೇ ಸುಣ್ಣಕಲ್ಲಿನ ಚಪ್ಪಡಿ, ಬೂದು ಬಣ್ಣದ್ದು, ಪದರ ಪದರವಾಗಿ ಎದ್ದು ಬರುತ್ತದೆ.

ಕೋಟೆಯೊಳಗೆ ಸಂತ ಜಾರ್ಜರ ಬಿಳಿಯ ಚರ್ಚು. ಒಂದೇ ಗುಮ್ಮಟ, ಚಿಕ್ಕದು. ಮಳೆ ಹನಿಯುವ ದಿನ ಹೋದರೆ ಬಾಗಿಲು ತೆರೆಯುವುದಿಲ್ಲ, ಒಳಗಿನ ಭಿತ್ತಿಚಿತ್ರಗಳಿಗೆ ತೇವ ತಗುಲಬಾರದೆಂದು. ಹೋಗುವವರು ಬೇಸಿಗೆಯಲ್ಲಿ ಒಣಹವೆ ನೋಡಿಕೊಂಡು ಹೋಗಿ.

ಊರಿನ ಉತ್ತರಕ್ಕೆ ದಂಡೆಯ ಮೇಲೆ ಸೋಪ್ಕಾಗಳ ಸಾಲು. ದೊಡ್ಡದನ್ನು ಓಲೆಗ್‌ನ ಸಮಾಧಿ ಎನ್ನುತ್ತಾರೆ. ತನ್ನ ಸತ್ತ ಕುದುರೆಯ ತಲೆಬುರುಡೆಯಿಂದ ಹೊರಬಂದ ಹಾವು ಕಚ್ಚಿ ಸತ್ತನೆನ್ನುವ ದೊರೆ ಅವನು. ನೊವ್ಗೊರೊದ್ ವೃತ್ತಾಂತ ಸಮಾಧಿ ಲಡೋಗಾದಲ್ಲಿದೆ ಎನ್ನುತ್ತದೆ, ಇನ್ನೊಂದು ಕೀವ್‌ನಲ್ಲಿ ಎನ್ನುತ್ತದೆ. ಯಾರ ಸಮಾಧಿಯಾದರೂ ಇರಲಿ, ಅದರ ತುದಿಯಲ್ಲಿ ನಿಂತರೆ ನದಿಯ ತಿರುವು ಪೂರ್ತಿ ಕಾಣುತ್ತದೆ. ಬರುವ ದೋಣಿಯನ್ನು ಬಹುದೂರದಿಂದಲೇ ಎಣಿಸಬಹುದು. ನದಿಯ ಜಾಡು ಅವರ ವಾದ ಅಲ್ಲಿ ಪುಸ್ತಕವಿಲ್ಲದೆ ಅರ್ಥವಾಗುತ್ತದೆ.

ಬಣ್ಣದ ಪೆಟ್ಟಿಗೆ:

ಆ ಚರ್ಚಿನ ಭಿತ್ತಿಚಿತ್ರವನ್ನು ಯಾರೂ ವಿವರಿಸದಿರುವುದರಿಂದ ನಾನು ಬರೆಯುತ್ತೇನೆ. 12ನೇ ಶತಮಾನದ ಉತ್ತರಾರ್ಧದ್ದು. ಉಳಿದಿರುವುದು ಸಣ್ಣ ಪಾಲು, ಆದರೆ ಗುಮ್ಮಟದಲ್ಲಿ ಕ್ರಿಸ್ತನ ಸ್ವರ್ಗಾರೋಹಣ ಇನ್ನೂ ಇದೆ. ಎಲ್ಲರೂ ನೋಡಲು ಹೋಗುವುದು ಪೂಜಾಸ್ಥಳದ ದಕ್ಷಿಣ ಬದಿಯ ಸಂತ ಜಾರ್ಜರ ಚಿತ್ರವನ್ನು. ನಾವು ಸಾಮಾನ್ಯವಾಗಿ ಕಾಣುವ ಜಾರ್ಜ್ ಈಟಿಯಿಂದ ಘಟಸರ್ಪವನ್ನು ಇರಿಯುತ್ತಿರುತ್ತಾನೆ. ಇಲ್ಲಿ ಇರಿತವಿಲ್ಲ, ರಕ್ತವಿಲ್ಲ. ಈಟಿಯನ್ನು ನೆಟ್ಟಗೆ ಹಿಡಿದು ಕುದುರೆಯ ಮೇಲೆ ಶಾಂತವಾಗಿ ಸಾಗುತ್ತಿದ್ದಾನೆ, ಬೆನ್ನ ಹಿಂದೆ ನಿಲುವಂಗಿ ಹಾರುತ್ತಿದೆ. ಮುಂದೆ ರಾಜಕುಮಾರಿ, ಆಕೆಯ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಪಳಗಿದ ಸರ್ಪ ತೆವಳಿಕೊಂಡು ಬರುತ್ತಿದೆ.

ಇದನ್ನು ಬರೆಸಿದ ಸಂದರ್ಭ ನೋಡಿದರೆ ಚಿತ್ರದ ಸೌಮ್ಯತೆ ಇನ್ನೂ ಅಚ್ಚರಿ ಹುಟ್ಟಿಸುತ್ತದೆ. 1164ರಲ್ಲಿ ಸ್ವೀಡನ್ನಿನವರು ಲಡೋಗಾದ ಮೇಲೆ ದಂಡೆತ್ತಿ ಬಂದರು. ಊರಿನವರು ಕೋಟೆಯ ಹೊರಗಿನ ತಮ್ಮ ಮನೆಗಳಿಗೆ ತಾವೇ ಬೆಂಕಿಯಿಟ್ಟು ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ನೊವ್ಗೊರೊದ್‌ನಿಂದ ನೆರವು ಬಂತು, ಶತ್ರುಗಳ 55 ಹಡಗುಗಳಲ್ಲಿ 43 ಕೈವಶವಾದವು. ಚರ್ಚು ಆ ಗೆಲುವಿನ ನೆನಪಿಗೆ ಕಟ್ಟಿದ್ದೆಂಬ ಅಭಿಪ್ರಾಯ ಬಲವಾಗಿದೆ. ತಮ್ಮ ಮನೆಗಳನ್ನೇ ಸುಟ್ಟುಕೊಂಡು ಗೆದ್ದವರ ಊರಿನಲ್ಲಿ ಇಷ್ಟು ಶಾಂತ ಚಿತ್ರ!

1941ರಲ್ಲಿ ಜರ್ಮನ್ ಸೇನೆ ವೊಲ್ಖೊವ್ ಪಟ್ಟಣದ ಹೊರವಲಯದವರೆಗೆ ಬಂದು ನಿಂತಿತು, ಲಡೋಗಾ ಉಳಿಯಿತು. ನೊವ್ಗೊರೊದ್ ಬಳಿಯ ನೆರೆದಿತ್ಸಾ ಚರ್ಚು, ಅದೇ ಶತಮಾನದ ಇನ್ನೂ ದೊಡ್ಡ ಚಿತ್ರಸಂಪತ್ತು, ಅದೇ ಯುದ್ಧದಲ್ಲಿ ಪುಡಿಯಾಯಿತು. ಕೆಲವೇ ಕಿಲೋಮೀಟರುಗಳ ಅಂತರ ಇದನ್ನು ಕಾಪಾಡಿದೆ.

ಇನ್ನೊಂದು ಸಂಗತಿ ಬೆಂಗಳೂರಿನವರಿಗೆ. ಚಿತ್ರಕಾರ ನಿಕೊಲಾಯ್ ರೋರಿಕ್ 1899ರಲ್ಲಿ ನೇವಾದಿಂದ ಹೊರಟು ವೊಲ್ಖೊವ್ ಹಿಡಿದು ನೊವ್ಗೊರೊದ್‌ವರೆಗೆ ಪ್ರಯಾಣಿಸಿದರು. ಲಡೋಗಾದಲ್ಲಿ ತಂಗಿ ಚಿತ್ರ ಬರೆದರು. ಹಾಯಿದೋಣಿಗಳಲ್ಲಿ ಬರುವ ವರಾಂಗಿಯನ್ನರ ಅವರ ಪ್ರಸಿದ್ಧ ಚಿತ್ರ ಎರಡು ವರ್ಷಗಳ ಮೇಲೆ ಮೂಡಿದ್ದು ಈ ಪ್ರಯಾಣದ ಫಲ. ಮುಂದೆ ಅವರು ಹಿಮಾಚಲದ ನಗ್ಗರ್‌ನಲ್ಲಿ ನೆಲೆಸಿದರು. ಅವರ ಮಗ ಸ್ವೆತೊಸ್ಲಾವ್ ರೋರಿಕ್, ಪತ್ನಿ ದೇವಿಕಾ ರಾಣಿಯವರೊಂದಿಗೆ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿದವರು. ತಂದೆ ಮಗ ಇಬ್ಬರ ಚಿತ್ರಗಳೂ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ. ಹಿಮಾಲಯದ ಚಿತ್ರಗಳನ್ನು ಬರೆದ ಕೈ ಮೊದಲು ಪಳಗಿದ್ದು ಇಂಥ ಉತ್ತರದ ದಂಡೆಗಳಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಒಮ್ಮೆ ನೋಡಿ ಬನ್ನಿ.

ಮೊದಲ ಬೆಂಚು:

ಎಲ್ಲರಿಗೂ ಧನ್ಯವಾದ. ಆದರೆ ನನ್ನ ಮೂಲ ಪ್ರಶ್ನೆ ಹಾಗೆಯೇ ಇದೆ. ಇಷ್ಟೆಲ್ಲ ಇದ್ದ ಊರು ಹಳ್ಳಿಯಾದದ್ದು ಹೇಗೆ?

ನದಿಯ ಜಾಡು:

ಪೀಟರ್ ದೊರೆಯಿಂದ. 1617ರ ಸ್ತೊಲ್ಬೊವೊ ಒಪ್ಪಂದದಲ್ಲಿ ರಷ್ಯಾ ಬಾಲ್ಟಿಕ್ ದಡವನ್ನು ಪೂರ್ತಿ ಸ್ವೀಡನ್ನಿಗೆ ಬಿಟ್ಟುಕೊಟ್ಟಿತು. ಆಗ ಲಡೋಗಾ ಗಡಿಕೋಟೆಯಾಯಿತು, ಕಾವಲು ಕಾಯುವುದೇ ಅದರ ಕೆಲಸ. 1702ರಲ್ಲಿ ಪೀಟರ್ ನೇವಾ ನದಿ ಸರೋವರದಿಂದ ಹೊರಡುವಲ್ಲಿದ್ದ ಸ್ವೀಡಿಷ್ ಕೋಟೆಯನ್ನು ಗೆದ್ದ, 1703ರಲ್ಲಿ ಪೀಟರ್ಸ್‌ಬರ್ಗ್‌ಗೆ ಅಡಿಗಲ್ಲು ಹಾಕಿದ. ಗಡಿ ದೂರ ಸರಿದ ಮೇಲೆ ಕೋಟೆಗೆ ಕೆಲಸವಿಲ್ಲ. 1704ರಲ್ಲಿ ವೊಲ್ಖೊವ್ ಸರೋವರಕ್ಕೆ ಸೇರುವಲ್ಲಿ ನೋವಾಯಾ ಲಡೋಗಾ, ಅಂದರೆ ಹೊಸ ಲಡೋಗಾ, ಹುಟ್ಟಿತು. ನಗರದ ಪಟ್ಟವೂ ಅಲ್ಲಿಗೆ ಹೋಯಿತು, ಜನರೂ ಹೋದರು. ಸರೋವರದ ಬಿರುಗಾಳಿಗೆ ದೋಣಿಗಳು ಮುಳುಗುತ್ತಿದ್ದುದರಿಂದ ಅಲ್ಲಿಂದ ನೇವಾವರೆಗೆ ದಡದುದ್ದಕ್ಕೂ ತೋಡಿದ ಕಾಲುವೆ 1731ರ ಹೊತ್ತಿಗೆ ಮುಗಿಯಿತು. ಹಳೆಯ ಊರು ದಾರಿಯಿಂದಲೇ ಹೊರಗುಳಿಯಿತು. ಪೀಟರ್ ತನ್ನ ಮೊದಲ ಹೆಂಡತಿ ಎವ್ದೊಕಿಯಾ ಲೊಪುಖಿನಾಳನ್ನು 1718ರಲ್ಲಿ ಇಲ್ಲಿಯ ಉಸ್ಪೆನ್ಸ್ಕಿ ಸನ್ಯಾಸಿನಿಯರ ಮಠದಲ್ಲಿ ಸೆರೆಯಿಟ್ಟ; ಅವನು ಸಾಯುವವರೆಗೂ ಆಕೆ ಅಲ್ಲೇ ಇದ್ದಳು. ಒಂದು ಕಾಲದಲ್ಲಿ ಜಗತ್ತೇ ಬಂದು ಹೋಗುತ್ತಿದ್ದ ಊರನ್ನು, ಯಾರ ಕಣ್ಣಿಗೂ ಬೀಳಬಾರದವರನ್ನು ಇಡುವ ಜಾಗವಾಗಿ ಆರಿಸಿದರು ಎಂಬುದು ನನಗೆ ನೋವಿನ ಸಂಗತಿ.

ಇತಿಹಾಸ ಮೇಷ್ಟ್ರು:

ಪೀಟರ್ ಕೊಟ್ಟದ್ದು ಕೊನೆಯ ಪೆಟ್ಟು ಅಷ್ಟೇ. ಇಳಿಮುಖ ಅದಕ್ಕೂ ಏಳು ಶತಮಾನ ಮೊದಲೇ ಆರಂಭವಾಗಿತ್ತು. 10ನೇ ಶತಮಾನದ ಕೊನೆಗೆ ಅರಬ್ ಬೆಳ್ಳಿಯ ಹರಿವು ಬತ್ತುತ್ತ ಬಂತು. ನೊವ್ಗೊರೊದ್ ಸುತ್ತ ಉಳುವ ಭೂಮಿ ಇತ್ತು, ಕಪ್ಪ ಕೊಡುವ ವಿಶಾಲ ಸೀಮೆ ಇತ್ತು. ಲಡೋಗಾಕ್ಕೆ ಇದ್ದದ್ದು ದಾರಿಯೊಂದೇ. 997ರ ಸುಮಾರಿಗೆ ನಾರ್ವೆಯ ಎರಿಕ್ ಎಂಬ ಯಾರ್ಲ್ (ಸರದಾರ) ಊರನ್ನು ಸುಟ್ಟ ಕಥೆ ಸಾಗಾ ಎಂಬ ಐಸ್ಲೆಂಡಿನ ಹಳೆಯ ಕಥನಗಳಲ್ಲಿದೆ. ರುಸ್‌ನ ಯಾರೊಸ್ಲಾವ್ ದೊರೆ ಸ್ವೀಡನ್ನಿನ ರಾಜಕುಮಾರಿ ಇಂಗೆಗೆರ್ದ್‌ಳನ್ನು 1019ರಲ್ಲಿ ಮದುವೆಯಾದಾಗ ಲಡೋಗಾವನ್ನು ಆಕೆಗೆ ಉಡುಗೊರೆಯಾಗಿ ಕೊಟ್ಟ, ಆಕೆ ಅದನ್ನು ತನ್ನ ಬಂಧು ರೋಗ್ನ್‌ವಾಲ್ದ್‌ಗೆ ವಹಿಸಿದಳು. ರಾಜಧಾನಿಯನ್ನು ಯಾರೂ ಹೀಗೆ ಮದುವೆಯಲ್ಲಿ ಕೊಡುವುದಿಲ್ಲ. ಆ ಹೊತ್ತಿಗೆ ಅದು ನೊವ್ಗೊರೊದ್‌ನ ಹೊರಬಾಗಿಲು.

ನದಿಯ ಜಾಡು:

ಮೇಷ್ಟ್ರ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಉಳುವ ಭೂಮಿಯಿದ್ದ ಊರಿಗೆ ದಾರಿ ತಪ್ಪಿದರೂ ಅನ್ನವಿತ್ತು. ಲಡೋಗಾದ ಬೆಳೆ, ಗೇಣಿ ಎರಡೂ ಆ ಬಂಡೆಗಳ ಮೇಲಿನ ಸೆಳವೇ. 1926ರಲ್ಲಿ ವೊಲ್ಖೊವ್ ಜಲವಿದ್ಯುತ್ ಕೇಂದ್ರದ ಅಣೆಕಟ್ಟು ಮುಗಿದಾಗ ಆ ಸೆಳವೂ ನೀರಿನಡಿ ಹೋಯಿತು. ಊರನ್ನು ಹುಟ್ಟಿಸಿದ ಕಾರಣ ಈಗ ನೋಡಲೂ ಸಿಗುವುದಿಲ್ಲ.

ಉತ್ತರದ ಚಳಿ:

ಆ ಅಣೆಕಟ್ಟಿನ ಇನ್ನೊಂದು ಪರಿಣಾಮ ಊರಿನವರಿಗೆ ನೇರವಾಗಿ ತಟ್ಟಿದ್ದು. ಸಿಗ್ ಎಂಬ ಬೆಳ್ಳನೆಯ ಮೀನು ಸರೋವರದಿಂದ ಮೊಟ್ಟೆಯಿಡಲು ವೊಲ್ಖೊವ್ ಹತ್ತಿ ಇಲ್ಮೆನ್ ಕಡೆಯ ನದಿಗಳವರೆಗೆ ಹೋಗುತ್ತಿತ್ತು. ಅಣೆಕಟ್ಟು ಅದರ ದಾರಿ ಕಡಿಯಿತು. ಮರಿ ಮಾಡಿಸಿ ಬಿಡುವ ಕೇಂದ್ರ ಅಲ್ಲೇ ಸ್ಥಾಪನೆಯಾಯಿತಾದರೂ ಹಿಂದಿನ ಸಮೃದ್ಧಿ ಮರಳಲಿಲ್ಲ.

ಮೊದಲ ಬೆಂಚು:

ಕೊನೆಯದಾಗಿ, ಅಗೆತ ಈಗಲೂ ನಡೆಯುತ್ತದೆಯೇ? ಹೊರಗಿನವರು ನೋಡಬಹುದೇ?

ಉತ್ತರದ ಚಳಿ:

ನೆಲ ಹೆಪ್ಪುಗಟ್ಟದ ಬೇಸಿಗೆಯ ವಾರಗಳಲ್ಲಿ ಮಾತ್ರ ಅಗೆತ ಸಾಧ್ಯ. 1984ರಿಂದ ಊರಿನ ಸ್ಮಾರಕಗಳೆಲ್ಲ ಸಂರಕ್ಷಿತ ವಸ್ತುಸಂಗ್ರಹಾಲಯದ ಅಡಿಯಲ್ಲಿವೆ, ಆದ್ದರಿಂದ ಗುಂಡಿಗಳ ಅಂಚಿಗೆ ಹೋಗಲು ಅವರ ಅನುಮತಿ ಬೇಕು. ಕೋಟೆಯೊಳಗಿನ ಪ್ರದರ್ಶನದಲ್ಲಿ ಮಣಿಗಳನ್ನು ಹತ್ತಿರದಿಂದ ನೋಡಬಹುದು. ನೀಲಿ, ಹಸಿರು, ಹಳದಿ, ಕೆಲವಕ್ಕೆ ಬಿಳಿಯ ಸುತ್ತು, ನಡುವೆ ಚುಕ್ಕೆ. ಗಾಜಿನ ಕಣ್ಣುಗಳೆಂದು ಹಳ್ಳಿಯವರು ಕರೆದದ್ದು ಏಕೆಂದು ನೋಡಿದ ತಕ್ಷಣ ತಿಳಿಯುತ್ತದೆ. ಜೂನ್‌ನಿಂದ ಆಗಸ್ಟ್ ನಡುವೆ ಹೋಗಿ, ಸೊಳ್ಳೆಗೆ ಹಚ್ಚುವ ಎಣ್ಣೆ ಮರೆಯಬೇಡಿ, ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.